ಗಾಡಿಗೆ ವರ್ಗ ಕಟ್ಟುವವರು ಯಾರು? ರೈಲ್ವೆ ಸಾಗಣೆ ದರ ಮತ್ತು ನ್ಯಾಯಾಲಯಗಳು

ಬೆಂಗಳೂರಿನಿಂದ ಬೇರೆ ಊರಿಗೆ ವರ್ಗವಾದವರು ತಮ್ಮ ಬೈಕನ್ನು ರೈಲಿಗೆ ಹಾಕಲು ಪಾರ್ಸೆಲ್ ಆಫೀಸಿಗೆ ಹೋದರೆ ಮೊದಲು ಎದುರಾಗುವ ಪ್ರಶ್ನೆ ಒಂದೇ: ನೀವೂ ಇದೇ ರೈಲಿನಲ್ಲಿ ಹೋಗುತ್ತೀರೋ, ಬೈಕ್ ಮಾತ್ರ ಹೋಗುತ್ತದೋ? ಪ್ರಯಾಣದ ಟಿಕೆಟ್ ತೋರಿಸಿದರೆ ಬೈಕ್ ಲಗೇಜ್ ಆಗುತ್ತದೆ, ಇಲ್ಲದಿದ್ದರೆ ಪಾರ್ಸೆಲ್. ಯಾವುದೇ ಆದರೂ ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ಖಾಲಿ ಮಾಡಬೇಕು. ಹ್ಯಾಂಡಲ್, ಹೆಡ್‌ಲೈಟು, ಟ್ಯಾಂಕಿಗೆ ಗೋಣಿಚೀಲ ಸುತ್ತಿ ಹಗ್ಗ ಬಿಗಿಯಬೇಕು. ಆರ್‌ಸಿ ನಕಲು ಕೊಡಬೇಕು. ಹೊರಡುವ ಸ್ಟೇಷನ್ನು, ಇಳಿಯುವ ಸ್ಟೇಷನ್ನು ಬರೆದ ರಟ್ಟು ಕಟ್ಟಬೇಕು. ಹಮಾಲರು ಎತ್ತಿ ನಿಲ್ಲಿಸುವುದೂ ಅದೇ ಬ್ರೇಕ್ ವ್ಯಾನಿನಲ್ಲಿ. ದರ ಮಾತ್ರ ಬೇರೆ: ಲಗೇಜಿಗೆ ‘ಎಲ್’ ಸ್ಕೇಲು, ಪಾರ್ಸೆಲ್ಲಿಗೆ ರೈಲಿನ ದರ್ಜೆ ನೋಡಿ ‘ಆರ್’, ‘ಪಿ’ ಅಥವಾ ‘ಎಸ್’ ಸ್ಕೇಲು. ಲಗೇಜ್ ಎಂದು ಬರೆಸಿದರೂ ಪ್ರಯಾಣಿಕರಿಗೆ ಸಿಗುವ ಉಚಿತ ತೂಕದ ಮಿತಿ ಸ್ಕೂಟರಿಗೂ ಸೈಕಲ್ಲಿಗೂ ಅನ್ವಯಿಸುವುದಿಲ್ಲ.

ವಸ್ತು ಒಂದೇ, ದೂರ ಒಂದೇ, ಡಬ್ಬಿ ಒಂದೇ; ಕಾಗದದ ಮೇಲೆ ಬರೆದ ಹೆಸರಿನಿಂದ ದರ ಬದಲಾಗುತ್ತದೆ. ಜಗತ್ತಿನ ರೈಲ್ವೆಗಳು ಸುಮಾರು ಇನ್ನೂರು ವರ್ಷಗಳಿಂದ ಸರಕು ಸಾಗಣೆಗೆ ಹಣ ವಸೂಲು ಮಾಡುತ್ತ ಬಂದಿರುವುದು ಹೀಗೆಯೇ. ತೂಕ ಮತ್ತು ದೂರ ಲೆಕ್ಕದ ಎರಡು ಕಾಲುಗಳಷ್ಟೇ, ಮೂರನೆಯದು ವರ್ಗ. ಭಾರತೀಯ ರೈಲ್ವೆಯ ದರಪಟ್ಟಿಯಲ್ಲಿ 100ನೇ ವರ್ಗ ಎಂದರೆ ಮೂಲ ದರ, 200ನೇ ವರ್ಗ ಎಂದರೆ ಅದರ ಇಮ್ಮಡಿ. ಸರಕು ಯಾವ ವರ್ಗಕ್ಕೆ ಸೇರುತ್ತದೆ ಎನ್ನುವುದು ತೀರ್ಮಾನವಾದರೆ ವ್ಯಾಪಾರಿಯ ಲಾಭನಷ್ಟವೂ ಅರ್ಧ ತೀರ್ಮಾನವಾದಂತೆ.

ಈ ಪದ್ಧತಿಗೆ ಅತಿ ಹೆಚ್ಚು ಕಾಟ ಕೊಟ್ಟ ಸರಕುಗಳಲ್ಲಿ ವಾಹನ ಒಂದು. ಕಲ್ಲಿದ್ದಲು ಎಲ್ಲಿಟ್ಟರೂ ಕಲ್ಲಿದ್ದಲೇ. ಗಾಡಿ ಹಾಗಲ್ಲ. ತೂಕ ಕಡಿಮೆ, ಹಿಡಿಯುವ ಜಾಗ ಹೆಚ್ಚು. ಬೆಲೆ ಜಾಸ್ತಿ, ಗೀರು ಬಿದ್ದರೂ ನಷ್ಟ. ಇಡಿಯಾಗಿ ಕಳುಹಿಸಬಹುದು, ಬಿಚ್ಚಿ ಪೆಟ್ಟಿಗೆಯಲ್ಲಿ ತುಂಬಿಯೂ ಕಳುಹಿಸಬಹುದು. ಪ್ರಯಾಣಿಕನ ಸ್ವಂತ ಬಳಕೆಯದೂ ಆಗಿರಬಹುದು, ಕಾರ್ಖಾನೆಯ ಮಾರಾಟದ ಮಾಲೂ ಆಗಿರಬಹುದು, ಸೇನೆಯ ಸಾಮಗ್ರಿಯೂ ಆಗಿರಬಹುದು. ಒಳಗೆ ಎಣ್ಣೆ ಇದ್ದರೆ ಅಪಾಯಕಾರಿ, ಇಲ್ಲದಿದ್ದರೆ ಬರೀ ಕಬ್ಬಿಣ. ಇಂಥ ವಸ್ತುವಿಗೆ ಯಾವ ವರ್ಗ ಎಂದು ಕೇಳುತ್ತ ಹೋದ ಜಗಳಗಳು ಬೇಗನೆ ಇನ್ನೊಂದು, ಇನ್ನೂ ದೊಡ್ಡ ಪ್ರಶ್ನೆಗೆ ಬಂದು ನಿಂತವು. ವರ್ಗ ಯಾವುದು ಎನ್ನುವುದನ್ನು ತೀರ್ಮಾನಿಸುವವರು ಯಾರು, ಮತ್ತು ಯಾವಾಗ? ಇಂಗ್ಲೆಂಡು, ಅಮೆರಿಕ, ಭಾರತ ಈ ಪ್ರಶ್ನೆಗೆ ಮೂರು ಬೇರೆ ಉತ್ತರ ಕೊಟ್ಟಿವೆ. ನಮ್ಮ ಉತ್ತರವೇ ಸರಕು ಕಳುಹಿಸುವವನಿಗೆ ಅತ್ಯಂತ ಕಠಿಣವಾದದ್ದು ಎನ್ನುವುದು ನನ್ನ ಅಭಿಪ್ರಾಯ.

ಇಂಗ್ಲೆಂಡಿನಲ್ಲಿ ರೈಲು ಬಂದ ಹೊಸತರಲ್ಲಿ ಸಿರಿವಂತರು ತಮ್ಮ ಕುದುರೆಗಾಡಿಗಳನ್ನು ಚಪ್ಪಟೆ ಟ್ರಕ್ಕುಗಳ ಮೇಲೆ ಏರಿಸಿಕೊಂಡು ಹೋಗುತ್ತಿದ್ದರು. ಹಾಗಾಗಿ ಆ ಕಾಲದ ರೈಲ್ವೆ ಕಂಪನಿಗಳ ಕಾಯ್ದೆಗಳಲ್ಲಿ ಗಾಡಿಗೆಂದೇ ಒಂದು ಕಲಮು ಇರುತ್ತಿತ್ತು: ಹಳಿಯ ಮೇಲೆ ಓಡಲು ತಕ್ಕುದಲ್ಲದ, ಒಂದು ಟನ್ನಿಗಿಂತ ಹೆಚ್ಚು ತೂಗದ, ಟ್ರಕ್ಕಿನ ಮೇಲೆ ಸಾಗಿಸುವ ಗಾಡಿಗೆ ಮೈಲಿಗೆ ಇಷ್ಟು ಎಂದು. ವಾಹನಕ್ಕೆ ಕಾನೂನು ಕೊಟ್ಟ ಮೊದಲ ರೈಲ್ವೆ ವ್ಯಾಖ್ಯೆಗಳಲ್ಲಿ ಇದೂ ಒಂದು. 1845ರ ರೈಲ್ವೆ ಕಲಮುಗಳ ಏಕೀಕರಣ ಕಾಯ್ದೆ ಗಾಡಿಯ ಅಥವಾ ಸರಕಿನ ಒಡೆಯನು ಒಳಗೆ ಏನಿದೆ ಎಂದು ಲೆಕ್ಕ ಒಪ್ಪಿಸಬೇಕು, ಸುಳ್ಳು ಹೇಳಿದರೆ ದಂಡ ಎಂದು ವಿಧಿಸಿತು. ಅದೇ ಕಾಯ್ದೆ ಒಂದೇ ಬಗೆಯ ಸರಕಿಗೆ, ಒಂದೇ ಸಂದರ್ಭದಲ್ಲಿ, ಎಲ್ಲರಿಗೂ ಒಂದೇ ದರ ಎಂದೂ ಹೇಳಿತು. ಗ್ರೇಟ್ ವೆಸ್ಟರ್ನ್ ರೈಲ್ವೆ ವಿರುದ್ಧ ಸಟ್ಟನ್ ಪ್ರಕರಣದಲ್ಲಿ 1869ರಲ್ಲಿ ಹೌಸ್ ಆಫ್ ಲಾರ್ಡ್ಸ್ ಈ ಸಮಾನತೆಯನ್ನು ಎತ್ತಿಹಿಡಿದು, ಹೆಚ್ಚು ವಸೂಲಾದ ಹಣವನ್ನು ವಾಪಸು ಕೇಳಬಹುದು ಎಂದಿತು. ಸಟ್ಟನ್ ಸಣ್ಣ ಸಣ್ಣ ಪೊಟ್ಟಣಗಳನ್ನು ಒಂದೇ ದೊಡ್ಡ ಮೂಟೆಯಾಗಿ ಕಟ್ಟಿ ಕಳುಹಿಸುತ್ತಿದ್ದವನು. ಮೂಟೆಯ ಒಳಗೆ ಎಷ್ಟು ಜನರ ಮಾಲಿದೆ ಎಂದು ನೋಡಿ ಅವನಿಂದ ಹೆಚ್ಚು ದರ ಕೀಳಲು ಕಂಪನಿಗೆ ಅಧಿಕಾರವಿಲ್ಲ ಎಂದಾಯಿತು.

ಮೂವತ್ತು ವರ್ಷಗಳ ನಂತರ ಸೈಕಲ್ಲಿನ ಸರದಿ. 1890ರ ದಶಕದಲ್ಲಿ ಸೈಕಲ್ ಹುಚ್ಚು ಊರೂರಿಗೆ ಹಬ್ಬಿದಾಗ, ಟಿಕೆಟ್ ಕೊಂಡ ಪ್ರಯಾಣಿಕನ ಸೈಕಲ್ ಅವನ ಲಗೇಜಿನ ಭಾಗವೇ ಎಂಬ ಪ್ರಶ್ನೆ ಎದ್ದಿತು. ಬ್ರಿಟನ್ ವಿರುದ್ಧ ಗ್ರೇಟ್ ನಾರ್ದರ್ನ್ ರೈಲ್ವೆ ಪ್ರಕರಣದಲ್ಲಿ (ಇಲ್ಲಿ ಬ್ರಿಟನ್ ಎನ್ನುವುದು ವಾದಿಯ ಹೆಸರು) 1899ರಲ್ಲಿ ಇಂಗ್ಲಿಷ್ ನ್ಯಾಯಾಲಯ ಅಲ್ಲ ಎಂದಿತು. ಅದಕ್ಕೂ ಮುಂಚೆ, 1871ರ ಮ್ಯಾಕ್ರೋ ಪ್ರಕರಣದಲ್ಲಿ, ಪ್ರಯಾಣಿಕನು ತನ್ನ ಸ್ವಂತ ಬಳಕೆಗೆ, ತನ್ನಂಥವರ ರೂಢಿಗೆ ತಕ್ಕಂತೆ, ಆ ಪ್ರಯಾಣದ ಅಗತ್ಯಕ್ಕಾಗಿ ಒಯ್ಯುವುದೇ ಲಗೇಜು ಎಂಬ ಅಳತೆಗೋಲು ಸಿದ್ಧವಾಗಿತ್ತು. ಸೈಕಲ್ ಸ್ವಂತ ಬಳಕೆಯದೇ ಆದರೂ ಆ ಅಳತೆಗೆ ಒಗ್ಗಲಿಲ್ಲ. ಅಟ್ಲಾಂಟಿಕಿನ ಆಚೆ ಇದೇ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಬಿಡದೆ ಶಾಸಕಾಂಗವೇ ಕೈಗೆತ್ತಿಕೊಂಡಿತು: 1896ರಲ್ಲಿ ನ್ಯೂಯಾರ್ಕ್ ರಾಜ್ಯ ಸೈಕಲ್ಲನ್ನು ಲಗೇಜಾಗಿ ಉಚಿತವಾಗಿ ಒಯ್ಯಬೇಕೆಂದು ಕಾಯ್ದೆಯನ್ನೇ ಮಾಡಿತು. ಅಲ್ಲಿ ಸೈಕಲ್ ಸವಾರರ ಸಂಘಟನೆಗಳ ಒತ್ತಡ ಜೋರಾಗಿತ್ತು. ವರ್ಗೀಕರಣದಲ್ಲಿ ರಾಜಕೀಯ ಎಷ್ಟಿದೆ ಎಂಬುದಕ್ಕೆ ಮೂರೇ ವರ್ಷಗಳ ಅಂತರದ ಈ ಎರಡು ತೀರ್ಮಾನಗಳು ಒಳ್ಳೆಯ ಸಾಕ್ಷಿ.

ಇಂಗ್ಲೆಂಡಿನ ಕಥೆಯಲ್ಲಿ ನಮಗೆ ಮುಖ್ಯವಾದದ್ದು ಸೈಕಲ್ಲಿಗಿಂತ ಹೆಚ್ಚಾಗಿ ಅದೇ ದಶಕದ ದೊಡ್ಡ ಗದ್ದಲ. 1888ರ ಕಾಯ್ದೆ ಪ್ರತಿ ಕಂಪನಿಯೂ ತನ್ನ ಸರಕು ವರ್ಗೀಕರಣವನ್ನೂ ಗರಿಷ್ಠ ದರಗಳನ್ನೂ ಸರ್ಕಾರದ ವ್ಯಾಪಾರ ಮಂಡಳಿಯ ಮುಂದಿಡಬೇಕು ಎಂದಿತು. ದೀರ್ಘ ವಿಚಾರಣೆಯ ನಂತರ ಹೊಸ ಪಟ್ಟಿ 1893ರ ಜನವರಿ 1ರಂದು ಜಾರಿಗೆ ಬಂತು. ಕಂಪನಿಗಳು ಅನೇಕ ಸರಕುಗಳ ದರವನ್ನು ಏಕಾಏಕಿ ಗರಿಷ್ಠ ಮಿತಿಗೆ ಏರಿಸಿಬಿಟ್ಟವು. ವ್ಯಾಪಾರಿಗಳೂ ರೈತರೂ ಸಿಡಿದೆದ್ದರು. ಸಂಸತ್ತು 1894ರಲ್ಲಿ ಮತ್ತೊಂದು ಕಾಯ್ದೆ ತಂದು, 1892ರ ನಂತರ ದರ ಏರಿಸಿದ್ದರೆ ಆ ಏರಿಕೆ ನ್ಯಾಯವಾದದ್ದೆಂದು ರುಜುವಾತು ಮಾಡುವ ಹೊಣೆಯನ್ನು ಕಂಪನಿಯ ತಲೆಗೇ ಕಟ್ಟಿತು. ಸರಕು ಕಳುಹಿಸುವವನು ಅನ್ಯಾಯವನ್ನು ಸಾಬೀತು ಮಾಡಬೇಕಿಲ್ಲ, ರೈಲ್ವೆಯೇ ನ್ಯಾಯವನ್ನು ಸಾಬೀತು ಮಾಡಬೇಕು. 1921ರ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ರೈಲ್ವೆ ದರ ನ್ಯಾಯಮಂಡಳಿ ಸ್ಥಾಪಿಸಿತು. ಯಾವ ಸರಕು ಯಾವ ವರ್ಗಕ್ಕೆ ಸೇರಬೇಕು ಎಂಬುದನ್ನು ಬದಲಿಸುವ ಅಧಿಕಾರವನ್ನೂ ಅದಕ್ಕೆ ಕೊಟ್ಟಿತು. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ನಾವು ನ್ಯಾಯಮಂಡಳಿಯ ಹೆಸರನ್ನು ಅಲ್ಲಿಂದ ತಂದೆವು, ಈ ಅಧಿಕಾರವನ್ನು ತರಲಿಲ್ಲ.

ಅಮೆರಿಕದ ದಾರಿ ಬೇರೆ. ಅಲ್ಲಿ 1887ರಲ್ಲಿ ಅಂತರರಾಜ್ಯ ವಾಣಿಜ್ಯ ಆಯೋಗ ಹುಟ್ಟಿತು. ದೇಶವನ್ನು ಹಂಚಿಕೊಂಡಿದ್ದ ಮೂರು ದೊಡ್ಡ ವರ್ಗೀಕರಣ ಪಟ್ಟಿಗಳು (ಅಫಿಶಿಯಲ್, ಸದರ್ನ್, ವೆಸ್ಟರ್ನ್) ಒಂದೇ ಸರಕಿಗೆ ಬೇರೆ ಬೇರೆ ದರ್ಜೆ ಕೊಡುತ್ತಿದ್ದವು. ಅವನ್ನು ಒಂದುಗೂಡಿಸಿದ ಏಕರೂಪದ ಪಟ್ಟಿ ಜಾರಿಗೆ ಬಂದದ್ದು 1952ರಲ್ಲಿ. ಅಲ್ಲಿನ ಪಟ್ಟಿಗಳಲ್ಲಿ ವಾಹನ ಮತ್ತು ಯಂತ್ರಗಳಿಗೆ ಮುಖ್ಯವಾದ ಭೇದವೆಂದರೆ ಜೋಡಿಸಿದ್ದೋ ಬಿಚ್ಚಿದ್ದೋ ಎನ್ನುವುದು. ಬಿಚ್ಚಿ ಕಳುಹಿಸಿದರೆ ಕೆಳಗಿನ ದರ್ಜೆ, ಒಂದೇ ವ್ಯಾಗನ್ನಿನಲ್ಲಿ ಹಲವು ಪಟ್ಟು ಮಾಲು. ಫೋರ್ಡ್ ಕಂಪನಿ 1910ರ ದಶಕದಲ್ಲಿ ಡೆಟ್ರಾಯಿಟ್‌ನಲ್ಲೇ ಎಲ್ಲ ಕಾರುಗಳನ್ನು ಜೋಡಿಸಿ ಕಳುಹಿಸುವುದನ್ನು ಬಿಟ್ಟು, ಕಾನ್ಸಸ್ ಸಿಟಿಯಿಂದ ಆರಂಭಿಸಿ ದೇಶದ ಮೂಲೆ ಮೂಲೆಯಲ್ಲಿ ಜೋಡಣಾ ಘಟಕ ತೆರೆಯಲು ಈ ಸಾಗಣೆ ಲೆಕ್ಕವೂ ಕಾರಣ. ರೈಲ್ವೆ ದರಪಟ್ಟಿಯ ಒಂದು ಸಾಲು ಕಾರ್ಖಾನೆ ಎಲ್ಲಿ ಕಟ್ಟಬೇಕೆಂದು ಹೇಳಬಲ್ಲದು.

ಆ ದೇಶದ ಸುಪ್ರೀಂ ಕೋರ್ಟು ವರ್ಗೀಕರಣದ ಜಗಳಗಳಲ್ಲಿ ಎರಡು ಎಳೆಗಳನ್ನು ಬೆಳೆಸಿತು. ಮೊದಲನೆಯದು ಪಟ್ಟಿಯೇ ಪರಮ ಎನ್ನುವುದು. ಫಿಂಕ್ ಎಂಬ ವ್ಯಾಪಾರಿಗೆ ಲಾಸ್ ಏಂಜಲೀಸಿನಿಂದ ಒಹಾಯೋದ ಡೇಟನ್ನಿಗೆ ಎರಡು ಪೆಟ್ಟಿಗೆ ಬಂದವು. ಒಳಗಿದ್ದದ್ದು ಅಲ್ಲಿನ ಮೂಲನಿವಾಸಿಗಳ ಹಳೆಯ ವಸ್ತುಗಳು. ರೈಲ್ವೆ ಕೇಳಿದ 15 ಡಾಲರ್ ಕೊಟ್ಟು ಅವನು ಪೆಟ್ಟಿಗೆ ಬಿಡಿಸಿಕೊಂಡ. ಆಮೇಲೆ ರೈಲ್ವೆ, ಅದು ಮೊದಲ ದರ್ಜೆಯ ಸರಕಲ್ಲ, ಅದರ ಇಮ್ಮಡಿ ದರದ್ದು, ಇನ್ನೂ 15 ಡಾಲರ್ ಕೊಡು ಎಂದಿತು. 1919ರಲ್ಲಿ ನ್ಯಾಯಾಲಯ ಕೊಡಲೇಬೇಕು ಎಂದಿತು: ಸಲ್ಲಿಸಿದ ಪಟ್ಟಿಯ ದರವೇ ಕಾನೂನು, ಗುಮಾಸ್ತನ ತಪ್ಪಿನಿಂದ ಅದು ಬದಲಾಗದು. ಇದರ ಉದ್ದೇಶ ಒಳ್ಳೆಯದೇ. ದೊಡ್ಡ ಕಂಪನಿಗಳಿಗೆ ‘ತಪ್ಪು’ ವರ್ಗದ ನೆಪದಲ್ಲಿ ಗುಟ್ಟಿನ ರಿಯಾಯಿತಿ ಕೊಡುವ ಹಳೆಯ ಚಾಳಿಗೆ ಅದು ಕಡಿವಾಣ. ಆದರೆ ಈ ನಿಯಮ ಎಷ್ಟು ಕ್ರೂರವಾಗಬಲ್ಲದು ಎನ್ನುವುದು ಲಾರಿ ಸಾಗಣೆಯ ಕ್ಷೇತ್ರದಲ್ಲಿ ಬಯಲಾಯಿತು. 1980ರ ದಶಕದಲ್ಲಿ ದಿವಾಳಿಯಾದ ಲಾರಿ ಕಂಪನಿಗಳ ಪರವಾಗಿ, ಎಂದೋ ಒಪ್ಪಿ ತೀರಿಸಿದ ಬಿಲ್ಲುಗಳ ಮೇಲೆ ‘ಬಾಕಿ’ ಕೇಳುವ ದಾವೆಗಳ ಮಳೆಯೇ ಸುರಿಯಿತು. 1990ರ ಮೈಸ್ಲಿನ್ ತೀರ್ಪು ಆ ಬಾಕಿಯನ್ನೂ ಎತ್ತಿಹಿಡಿದಾಗ ಅಮೆರಿಕದ ಸಂಸತ್ತೇ ಮಧ್ಯೆ ಬರಬೇಕಾಯಿತು.

ಎರಡನೆಯ ಎಳೆ ನ್ಯಾಯಾಲಯ ಮತ್ತು ಆಯೋಗದ ನಡುವೆ ಕೆಲಸ ಹಂಚುವುದು. 1914ರಲ್ಲಿ ಬಂದದ್ದು, ‘ಕೊಯ್ದ ಮರ’ದ ದರ ರೈಲು ಹಳಿಯಡಿ ಹಾಕುವ ಓಕ್ ಮರದ ಸ್ಲೀಪರುಗಳಿಗೂ ಅನ್ವಯಿಸುತ್ತದೋ ಎಂಬ ಜಗಳ. ವ್ಯಾಪಾರದ ರೂಢಿ ತಿಳಿದವರೇ ಹೇಳಬೇಕಾದ ಮಾತಿದು, ಮೊದಲು ಆಯೋಗಕ್ಕೆ ಹೋಗಿ ಎಂದಿತು ನ್ಯಾಯಾಲಯ. 1922ರ ಮರ್ಚೆಂಟ್ಸ್ ಎಲಿವೇಟರ್ ತೀರ್ಪು, ಪದಗಳ ಸಾಮಾನ್ಯ ಅರ್ಥವಷ್ಟೇ ಪ್ರಶ್ನೆಯಾದರೆ ನ್ಯಾಯಾಲಯವೇ ಹೇಳಬಹುದು ಎಂದು ಗೆರೆ ಎಳೆಯಿತು. ಈ ಸರಣಿಯ ಅತ್ಯಂತ ಪ್ರಸಿದ್ಧ ಪ್ರಕರಣ ಸೇನಾ ಸರಕಿನದು. ಯುದ್ಧಕಾಲದ ಭಾರಿ ಸಾಗಣೆಗೆ ಅನುಕೂಲವಾಗಲೆಂದು 1940ರ ಕಾಯ್ದೆ ಸರ್ಕಾರವು ರೈಲ್ವೆ ಬಿಲ್ಲನ್ನು ಮೊದಲು ಪಾವತಿಸಿ ಆಮೇಲೆ ಲೆಕ್ಕ ತಪಾಸಣೆ ಮಾಡಿ, ಹೆಚ್ಚು ಹೋದದ್ದನ್ನು ಮುಂದಿನ ಬಿಲ್ಲಿನಲ್ಲಿ ಮುರಿದುಕೊಳ್ಳಬಹುದು ಎಂದಿತ್ತು. ಸೇನೆ ನೇಪಾಮ್ ತುಂಬಿದ ಉಕ್ಕಿನ ಕವಚಗಳನ್ನು ಸಿಡಿಸುವ ಸಾಧನವಿಲ್ಲದೆ ಕಳುಹಿಸಿತ್ತು. ರೈಲ್ವೆಗಳು ಬೆಂಕಿ ಬಾಂಬಿನ ಮೊದಲ ದರ್ಜೆ ಹಾಕಿದವು. ಲೆಕ್ಕ ತಪಾಸಕರು ಇದು ಉಕ್ಕಿನ ಡ್ರಮ್ಮಿನಲ್ಲಿರುವ ಗ್ಯಾಸೊಲಿನ್, ಐದನೇ ದರ್ಜೆ ಎಂದು ಹಣ ಮುರಿದರು. ಮೂರು ರೈಲ್ವೆ ಕಂಪನಿಗಳು ದಾವೆ ಹೂಡಿದವು. ವೆಸ್ಟರ್ನ್ ಪೆಸಿಫಿಕ್ ಹೆಸರಿನ ಆ ಮೊಕದ್ದಮೆಯಲ್ಲಿ 1956ರಲ್ಲಿ ಸುಪ್ರೀಂ ಕೋರ್ಟು, ಬಾಂಬಿಗೆ ಹೆಚ್ಚು ದರ ಇಟ್ಟದ್ದೇಕೆ ಎಂಬುದನ್ನು ತಿಳಿಯದೆ ಈ ಕವಚ ಬಾಂಬೋ ಅಲ್ಲವೋ ಎಂದು ಹೇಳಲಾಗದು, ಅದನ್ನು ಬಲ್ಲದ್ದು ಆಯೋಗ ಎಂದು ಹೇಳಿ ಪ್ರಶ್ನೆಯನ್ನು ಅಲ್ಲಿಗೆ ಕಳುಹಿಸಿತು.

ಟ್ಯಾಂಕು ಖಾಲಿ ಮಾಡಿದ ಬೈಕಿನ ಪ್ರಶ್ನೆಯೂ ಇದೇ ಜಾತಿಯದು. ಹೆಚ್ಚಿನ ದರಕ್ಕೆ ಕಾರಣವಾದ ಅಪಾಯವನ್ನೇ ತೆಗೆದುಹಾಕಿದ ಮೇಲೆ ಆ ದರ ಉಳಿಯಬೇಕೇ? ನನ್ನ ಮಟ್ಟಿಗೆ 1956ರ ಆ ತೀರ್ಪಿನ ವಿವೇಕ ಇರುವುದು ಇಲ್ಲಿ. ವರ್ಗಕ್ಕೆ ಹೆಸರು ಕೊಟ್ಟರೆ ಸಾಲದು, ಕಾರಣವನ್ನೂ ಕೊಡಬೇಕು. ಆ ಕಾರಣವನ್ನು ರೈಲ್ವೆಯೂ ಅಲ್ಲದ ಗಿರಾಕಿಯೂ ಅಲ್ಲದ ಮೂರನೆಯವರು ಪರೀಕ್ಷಿಸಬೇಕು.

ಅಮೆರಿಕದಲ್ಲಿ ಬಳಕೆಯ ಉದ್ದೇಶ ನೋಡಿ ದರ ಕಟ್ಟುವ ಪದ್ಧತಿಯೂ ಇತ್ತು. ಸರ್ಕಾರದಿಂದ ಉಚಿತ ಭೂಮಿ ಪಡೆದ ರೈಲ್ವೆಗಳು ಸರ್ಕಾರಿ ಸರಕನ್ನು ರಿಯಾಯಿತಿ ದರದಲ್ಲಿ ಒಯ್ಯಬೇಕಿತ್ತು. 1940ರ ಕಾಯ್ದೆ ಅದನ್ನು ಸೇನೆಯ ಬಳಕೆಗೆ ಹೋಗುವ, ನಾಗರಿಕ ಬಳಕೆಗಲ್ಲದ ಸೇನಾ ಸ್ವತ್ತಿಗೆ ಸೀಮಿತಗೊಳಿಸಿತು. ಒಂದೇ ಬಗೆಯ ಮಾಲು ಸೇನೆಯ ಕೆಲಸಕ್ಕೆ ಹೋದರೆ ಒಂದು ದರ, ನಾಗರಿಕ ಕೆಲಸಕ್ಕೆ ಹೋದರೆ ಇನ್ನೊಂದು. 1946ರ ಅಕ್ಟೋಬರಿಗೆ ಆ ರಿಯಾಯಿತಿಯೇ ರದ್ದಾಯಿತು, ಆದರೂ ಹಳೆಯ ಬಿಲ್ಲುಗಳ ಮೊಕದ್ದಮೆ 1947ರಲ್ಲೂ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿತ್ತು. ಉದ್ದೇಶ ನೋಡಿ ದರ ಕಟ್ಟಿದರೆ ಜಗಳ ತಪ್ಪದು ಎಂಬ ಪಾಠವನ್ನು ನಮ್ಮವರು ಕಲಿಯಲಿಲ್ಲ. ಅದರ ಬೆಲೆ ಏನೆಂದು ಬಳ್ಳಾರಿ, ಹೊಸಪೇಟೆಗಳ ಜನಕ್ಕೆ ಗೊತ್ತು.

2008ರ ಮೇ ತಿಂಗಳಲ್ಲಿ ಭಾರತೀಯ ರೈಲ್ವೆ ಕಬ್ಬಿಣದ ಅದಿರಿಗೆ ಎರಡು ದರ ತಂದಿತು. ದೇಶದೊಳಗಿನ ಉಕ್ಕು, ಸಿಮೆಂಟು ಕಾರ್ಖಾನೆಗಳ ಬಳಕೆಗೆ ಹೋಗುವ ಅದಿರಿಗೆ ಕಡಿಮೆ ದರ, ರಫ್ತಿಗೆ ಹೋಗುವುದಕ್ಕೆ ಬಹಳ ಹೆಚ್ಚು. ಅದೇ ಗಣಿ, ಅದೇ ಕೆಂಪು ಮಣ್ಣು, ಅದೇ ವ್ಯಾಗನ್. ದೇಶೀಯ ಬಳಕೆ ಎಂದು ತೋರಿಸಲು ಅಫಿಡವಿಟ್ಟು, ಬಾಂಡು, ಕಾರ್ಖಾನೆಯ ದಾಖಲೆ. ಅಂತರ ದೊಡ್ಡದಾದಷ್ಟೂ ಸುಳ್ಳಿಗೆ ಆಸೆ ದೊಡ್ಡದು. ಮಹಾಲೇಖಪಾಲರು 2015ರಲ್ಲಿ ಈ ನೀತಿಯ ಬಗೆಗೇ ಪ್ರತ್ಯೇಕ ವರದಿ ಕೊಟ್ಟು ದರ ವಂಚನೆ, ದಾಖಲೆಗಳ ಲೋಪಗಳನ್ನು ಎತ್ತಿ ತೋರಿಸಿದರು. 2016ರಲ್ಲಿ ಆ ನೀತಿ ಹೋಯಿತು. ಅದು ಹುಟ್ಟಿಸಿದ ಬೇಡಿಕೆ ನೋಟಿಸುಗಳೂ ಮೊಕದ್ದಮೆಗಳೂ ಅದರೊಂದಿಗೆ ಹೋಗಲಿಲ್ಲ.

ಈಗ ನಮ್ಮ ಕಾನೂನಿನ ಚೌಕಟ್ಟು. 1890ರ ಹಳೆಯ ರೈಲ್ವೆ ಕಾಯ್ದೆಯ ಕಾಲದಲ್ಲಿ ಆಕ್‌ವರ್ತ್ ಸಮಿತಿ ದರ ನ್ಯಾಯಮಂಡಳಿ ಬೇಕು ಎಂದಿತು. ಬ್ರಿಟಿಷ್ ಸರ್ಕಾರ 1926ರಲ್ಲಿ ಸಲಹೆ ಕೊಡುವ ಸಮಿತಿಯೊಂದನ್ನಷ್ಟೇ ಮಾಡಿತು. ಸ್ವಾತಂತ್ರ್ಯಾನಂತರ ಮದರಾಸಿನಲ್ಲಿ ರೈಲ್ವೆ ದರ ನ್ಯಾಯಮಂಡಳಿ ಬಂತು. ಇಂದು ನಡೆಯುತ್ತಿರುವುದು 1989ರ ರೈಲ್ವೆ ಕಾಯ್ದೆ. ಅದರ 31ನೇ ಸೆಕ್ಷನ್ ಸರಕುಗಳ ವರ್ಗೀಕರಣ, ಮರುವರ್ಗೀಕರಣದ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಡುತ್ತದೆ. 36ನೇ ಸೆಕ್ಷನ್ ದರ ಅಸಮಂಜಸವಾಗಿದ್ದರೆ, ಒಬ್ಬರಿಗೆ ಪಕ್ಷಪಾತ ಮಾಡಿದ್ದರೆ ನ್ಯಾಯಮಂಡಳಿಗೆ ದೂರಬಹುದು ಎನ್ನುತ್ತದೆ. ಮರುಸೆಕ್ಷನ್ನೇ ಬಾಗಿಲು ಮುಚ್ಚುತ್ತದೆ: 37ರ ಪ್ರಕಾರ ಸರಕಿನ ವರ್ಗೀಕರಣ, ಮರುವರ್ಗೀಕರಣ ನ್ಯಾಯಮಂಡಳಿಯ ವ್ಯಾಪ್ತಿಗೆ ಬಾರದು. ಲಗೇಜು, ಪಾರ್ಸೆಲ್ಲು, ಸೇನಾ ಸಾಗಣೆಯ ದರವೂ ಬಾರದು. ಅಂದರೆ ಬೈಕಿನ ದರವೂ ಇಲ್ಲ, ಸೇನಾ ಜೀಪಿನ ದರವೂ ಇಲ್ಲ, ವ್ಯಾಗನ್ನಿನಲ್ಲಿ ಹೋಗುವ ಹೊಸ ಕಾರಿನ ವರ್ಗವೂ ಇಲ್ಲ. ದೂರುವವನಿಗೆ ಉಳಿಯುವುದು ಹೈಕೋರ್ಟಿನ ರಿಟ್ ಒಂದೇ. ಅಲ್ಲಿ ಅವನು ವರ್ಗ ತಪ್ಪು ಎಂದು ತೋರಿಸಿದರೆ ಸಾಲದು, ಸರ್ಕಾರದ ತೀರ್ಮಾನ ಮನಸೋಇಚ್ಛೆಯದು ಎಂದೇ ತೋರಿಸಬೇಕು. 2017ರ ಹಣಕಾಸು ಕಾಯ್ದೆ ದರ ನ್ಯಾಯಮಂಡಳಿಯನ್ನೇ ರೈಲ್ವೆ ಕ್ಲೇಮ್ಸ್ ನ್ಯಾಯಮಂಡಳಿಯಲ್ಲಿ ವಿಲೀನ ಮಾಡಿತು. ಅದೇ ವರ್ಷ ಸಂಪುಟ ಒಪ್ಪಿದ ರೈಲು ಅಭಿವೃದ್ಧಿ ಪ್ರಾಧಿಕಾರಕ್ಕೂ ದರದ ವಿಷಯದಲ್ಲಿ ಇದ್ದದ್ದು ಸಲಹೆ ಕೊಡುವ ಪಾತ್ರವಷ್ಟೇ.

ವರ್ಗೀಕರಣ ಬಿಟ್ಟು ದರದ ವಿಷಯದಲ್ಲೂ ದಾರಿ ಸುಲಭವಿಲ್ಲ ಎನ್ನಲು ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸಿನ ಕಥೆ ಸಾಕು. ಅಳ್ನಾವರ–ದಾಂಡೇಲಿ ಕವಲು ಮಾರ್ಗದ ಸಾಗಣೆ ದರ ಅಸಮಂಜಸ ಎಂದು ಕಂಪನಿ ಮದರಾಸಿನ ನ್ಯಾಯಮಂಡಳಿಗೆ ದೂರಿತು. 1966ರಲ್ಲಿ ಗೆದ್ದಿತು. ರೈಲ್ವೆಯ ಮೇಲ್ಮನವಿ 1970ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಆದರೆ ಹೆಚ್ಚು ಕೊಟ್ಟ ಹಣ ವಾಪಸು ಬರಬೇಕಲ್ಲ? ಅದಕ್ಕೆ ಬೇರೆ ದಾವೆ. ಕಾಲಮಿತಿ ಮೀರಿದೆ ಎಂದು ರೈಲ್ವೆಯ ತಕರಾರು. ಕಾಲಮಿತಿಯನ್ನು ಎಣಿಸಬೇಕಾದದ್ದು ಸುಪ್ರೀಂ ಕೋರ್ಟಿನ ಅಂತಿಮ ತೀರ್ಪಿನಿಂದ ಎಂದು ಇತ್ಯರ್ಥವಾದದ್ದು 2004ರಲ್ಲಿ. ನ್ಯಾಯಮಂಡಳಿ ನ್ಯಾಯ ಹೇಳಿ 38 ವರ್ಷ ಕಳೆದಿತ್ತು. ದೊಡ್ಡ ಕಾರ್ಖಾನೆಯ ಪಾಡೇ ಹೀಗಾದರೆ, ನಾಲ್ಕು ಟ್ರ್ಯಾಕ್ಟರ್ ಟ್ರೇಲರ್ ಕಳುಹಿಸುವ ಸಣ್ಣ ತಯಾರಕ ಯಾವ ಧೈರ್ಯದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿಯಾನು?

ವರ್ಗ ಕಟ್ಟುವುದು ಸರ್ಕಾರ, ಸರಿ. ಬುಕ್ ಮಾಡುವಾಗ ಈ ಸರಕು ಆ ವರ್ಗದ್ದೇ ಎಂದು ಹೇಳುವವರು ಯಾರು? ಗೂಡ್ಸ್ ಶೆಡ್ಡಿನಲ್ಲಿ ಮಾಲಿನ ಒಡೆಯನೇ ಫಾರ್ವರ್ಡಿಂಗ್ ನೋಟಿನಲ್ಲಿ ಸರಕಿನ ವಿವರ ಬರೆದು ಸಹಿ ಹಾಕುತ್ತಾನೆ. ಅದನ್ನು ನೋಡಿ ರೈಲ್ವೆ ರಸೀದಿ ಹುಟ್ಟುತ್ತದೆ. ರೈಲ್ವೆ ನೌಕರ ಎಣಿಸಿ ನೋಡದ ಮಾಲಾದರೆ ರಸೀದಿಯ ಮೇಲೆ ‘ಇದೆ ಎಂದು ಹೇಳಲಾಗಿದೆ’ ಎಂಬ ಅರ್ಥದ ಷರಾ ಬೀಳುತ್ತದೆ. ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಆ ವಿವರ ಮುಖ್ಯ ಅಂಶದಲ್ಲಿ ಸುಳ್ಳಾಗಿದ್ದರೆ, ಯಾವುದೇ ವರ್ಗದ ಅತಿ ಹೆಚ್ಚಿನ ದರದ ಎರಡು ಪಟ್ಟಿನವರೆಗೆ ವಸೂಲು ಮಾಡಬಹುದು. ಅನುಮಾನ ಬಂದರೆ ಮಾಲು ತಡೆದು ಪರೀಕ್ಷಿಸಬಹುದು. 78ನೇ ಸೆಕ್ಷನ್ ಮಾಲು ಒಪ್ಪಿಸುವ ಮುಂಚೆ ಮತ್ತೆ ತೂಗಲು, ಅಳೆಯಲು, ವರ್ಗ ಬದಲಿಸಲು ಅಧಿಕಾರ ಕೊಡುತ್ತದೆ. ಒಪ್ಪಿಸುವ ಮುಂಚೆ ಎಂಬ ಮಾತು 78ರಲ್ಲಿದೆ, 66ರಲ್ಲಿಲ್ಲ. ಇತ್ತೀಚಿನ ದೊಡ್ಡ ಮೊಕದ್ದಮೆ ನಿಂತದ್ದು ಈ ವ್ಯತ್ಯಾಸದ ಮೇಲೆ.

ಗುವಾಹಟಿ ಕಡೆಯ ಕೆಲವು ಸಾಗಣೆದಾರರಿಗೆ ರೈಲ್ವೆ 2011–12ರಲ್ಲಿ ನೋಟಿಸು ಕಳುಹಿಸಿತು. ನೀವು ಬರೆದ ವಿವರ ಬೇರೆ, ವ್ಯಾಗನ್ನಿನಲ್ಲಿ ಇದ್ದ ಮಾಲು ಬೇರೆ, ದಂಡದ ದರ ಕಟ್ಟಿ ಎಂದು. ಮಾಲು ಆಗಲೇ ವಿಲೇವಾರಿಯಾಗಿತ್ತು. ಹಣ ಕಟ್ಟಿದ ಸಾಗಣೆದಾರರು ವಾಪಸು ಕೇಳಿ ಕ್ಲೇಮ್ಸ್ ನ್ಯಾಯಮಂಡಳಿಗೆ ಹೋದರು. 2016ರಲ್ಲಿ ಅಲ್ಲಿ ಗೆದ್ದರು, 2021ರಲ್ಲಿ ಗುವಾಹಟಿ ಹೈಕೋರ್ಟಿನಲ್ಲೂ ಗೆದ್ದರು: ಮಾಲು ಒಪ್ಪಿಸಿದ ಮೇಲೆ ದಂಡ ಕೇಳುವಂತಿಲ್ಲ. 2025ರಲ್ಲಿ ಸುಪ್ರೀಂ ಕೋರ್ಟು ಕಾಮಾಖ್ಯ ಟ್ರಾನ್ಸ್‌ಪೋರ್ಟ್ ಪ್ರಕರಣದಲ್ಲಿ ಎರಡನ್ನೂ ತಳ್ಳಿಹಾಕಿತು. 66ನೇ ಸೆಕ್ಷನ್ ಯಾವ ಹಂತದಲ್ಲಿ ವಸೂಲು ಮಾಡಬೇಕು ಎಂದು ಹೇಳಿಲ್ಲ, ಆದ್ದರಿಂದ ಒಪ್ಪಿಸಿದ ಮೇಲೂ ಕೇಳಬಹುದು ಎಂದಿತು. ಹೈಕೋರ್ಟು ಆಧರಿಸಿದ್ದ 1998ರ ಜಗಜೀತ್ ಕಾಟನ್ ತೀರ್ಪು ವ್ಯಾಗನ್ನಿನ ಅತಿಭಾರಕ್ಕೆ ಸಂಬಂಧಿಸಿದ್ದು, ಸುಳ್ಳು ವಿವರಕ್ಕಲ್ಲ ಎಂದು ಬೇರ್ಪಡಿಸಿತು.

ಇರುವ ಕಾಯ್ದೆಯನ್ನು ಇರುವಂತೆ ಓದಿದರೆ ತೀರ್ಪಿನಲ್ಲಿ ತಪ್ಪು ಹುಡುಕುವುದು ಕಷ್ಟ. ಸುಳ್ಳು ಬರೆದು ಕಡಿಮೆ ದರದಲ್ಲಿ ಮಾಲು ಸಾಗಿಸುವವರು ಇದ್ದಾರೆ, ಆ ನಷ್ಟ ಪ್ರಾಮಾಣಿಕರ ತಲೆಗೇ ಬರುತ್ತದೆ. ಆದರೆ ಇದರ ಪರಿಣಾಮವನ್ನು ವರ್ಗ ಅಸ್ಪಷ್ಟವಾಗಿರುವ ಸರಕಿಗೆ ಹಚ್ಚಿ ನೋಡಿ. ಎಂಜಿನ್ ಇಲ್ಲದ ಟ್ರಕ್ ಚಾಸಿಯನ್ನು ಕಳುಹಿಸುವವನು ‘ಬಿಡಿಭಾಗ’ ಎಂದು ಬರೆಯಬೇಕೋ ‘ವಾಹನ’ ಎಂದೋ? ಬಿಚ್ಚಿ ಕ್ರೇಟಿನಲ್ಲಿ ತುಂಬಿದ ಇ-ರಿಕ್ಷಾ ಯಂತ್ರಸಾಮಗ್ರಿಯೋ ವಾಹನವೋ? ಪ್ರಾಮಾಣಿಕವಾಗಿಯೇ ಭಿನ್ನಾಭಿಪ್ರಾಯ ಬರಬಹುದಾದ ಪ್ರಶ್ನೆಗಳಿವು. ಮಾಲು ಗೂಡ್ಸ್ ಶೆಡ್ಡಿನಲ್ಲಿದ್ದಾಗ ತಕರಾರು ಬಂದರೆ ಬಿಚ್ಚಿ ತೋರಿಸಬಹುದು. ಮಾಲು ಮಾರಾಟವಾಗಿ, ರಸ್ತೆಗಿಳಿದು ವರ್ಷವಾದ ಮೇಲೆ ನೋಟಿಸು ಬಂದರೆ ತೋರಿಸುವುದು ಏನನ್ನು? ರೈಲ್ವೆಯ ಬಳಿ ರೈಲ್ವೆಯದೇ ದಾಖಲೆ ಇರುತ್ತದೆ. ಒಡೆಯನ ಬಳಿ ಹಳೆಯ ಫಾರ್ವರ್ಡಿಂಗ್ ನೋಟಿನ ನಕಲು ಇದ್ದರೆ ಪುಣ್ಯ.

ಈ ಪ್ರಶ್ನೆಗಳು ಮುಂದೆ ಹೆಚ್ಚುತ್ತವೆಯೇ ಹೊರತು ಕಡಿಮೆಯಾಗುವುದಿಲ್ಲ. ರೈಲ್ವೆ 2005ರ ಬಜೆಟ್ಟಿನಲ್ಲಿ ಸುಮಾರು 4,000 ಸರಕುಗಳ ಪಟ್ಟಿಯನ್ನು 80 ಗುಂಪುಗಳಿಗೆ ಇಳಿಸಲು ಹೊರಟಿತು. ಜಗಳ ಕಡಿಮೆ ಮಾಡಲು ಅದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ, ಅದನ್ನು ಮೆಚ್ಚಲೇಬೇಕು. ಕಾರು ಸಾಗಣೆಯಲ್ಲೂ ದೊಡ್ಡ ಬದಲಾವಣೆ ಆಗಿದೆ. ಸೇವೆಯಿಂದ ನಿವೃತ್ತಿಯಾದ ಪ್ರಯಾಣಿಕ ಬೋಗಿಗಳ ಕಿಟಕಿ ಮುಚ್ಚಿ, ತುದಿಯಲ್ಲಿ ಬಾಗಿಲು ಕೊರೆದು, ಕಾರುಗಳನ್ನು ಒಂದರ ಹಿಂದೆ ಒಂದು ಓಡಿಸಿಕೊಂಡು ಹೋಗಿ ಚಕ್ರ ಕಟ್ಟಿ ನಿಲ್ಲಿಸುವ ಎನ್‌ಎಂಜಿ ವ್ಯಾಗನ್ನುಗಳಿವೆ. ವಾಹನ ತಯಾರಕರೇ ವ್ಯಾಗನ್ ಕೊಂಡು ಓಡಿಸಬಹುದಾದ ಯೋಜನೆ 2010ರಲ್ಲಿ ಬಂತು. ಮಾರುತಿ ಸುಜುಕಿ 2013ರಲ್ಲಿ ಆ ಪರವಾನಗಿ ಪಡೆದ ಮೊದಲ ಕಂಪನಿ. ಎತ್ತರದ ಎಸ್‌ಯುವಿಗಳನ್ನೂ ಎರಡು ಅಂತಸ್ತಿನಲ್ಲಿ ಒಯ್ಯುವ ವ್ಯಾಗನ್ನುಗಳೂ ಬಂದಿವೆ. 2013–14ರಲ್ಲಿ ದೇಶದ ಕಾರು ಸಾಗಣೆಯಲ್ಲಿ ರೈಲಿನ ಪಾಲು ಶೇ. 2ನ್ನೂ ಮುಟ್ಟಿರಲಿಲ್ಲ, 2024–25ರ ಹೊತ್ತಿಗೆ ಅದು ಸುಮಾರು ಶೇ. 24. ಸಾಗಣೆ ಹೆಚ್ಚಿದಷ್ಟು ದರದ ತಕರಾರೂ ಹೆಚ್ಚುತ್ತದೆ.

ಬ್ಯಾಟರಿ ವಾಹನಗಳು ಈ ತಕರಾರಿಗೆ ಹೊಸ ಮುಖ ತಂದಿವೆ. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಎಂಜಿನ್ ವಾಹನಕ್ಕೆ 3166, ಬ್ಯಾಟರಿ ವಾಹನಕ್ಕೆ 3171 ಎಂಬ ಸಂಖ್ಯೆಗಳಿದ್ದವು. ಈಗ ಲಿಥಿಯಂ ಅಯಾನ್ ಬ್ಯಾಟರಿಯ ವಾಹನಕ್ಕೆ 3556 ಎಂಬ ಪ್ರತ್ಯೇಕ ಸಂಖ್ಯೆಯೇ ಬಂದಿದೆ. ನಮ್ಮ ರೈಲ್ವೆಗೂ ಅಪಾಯಕಾರಿ ಸರಕಿಗೆಂದು ರೆಡ್ ಟಾರಿಫ್ ಎಂಬ ಬೇರೆ ನಿಯಮಾವಳಿ ಇದೆ. ಪೆಟ್ರೋಲ್ ಬೈಕಿನ ಟ್ಯಾಂಕನ್ನು ಖಾಲಿ ಮಾಡಬಹುದು. ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯನ್ನು ಹಾಗೆ ಬರಿದು ಮಾಡಿ ಅಪಾಯ ಕಳೆಯಲಾಗದು. ಅದು ವಾಹನವೋ, ಅಪಾಯಕಾರಿ ಸರಕೋ, ಬ್ಯಾಟರಿ ಬಿಚ್ಚಿ ಬೇರೆ ಕಳುಹಿಸಿದರೆ ಎರಡು ಸರಕುಗಳೋ? ಇಂಥದನ್ನು ಒಂದು ಸುತ್ತೋಲೆಯಿಂದ ಮುಗಿಸಿಬಿಡುವುದು ಸುಲಭ. ಆ ಸುತ್ತೋಲೆ ತಪ್ಪಾದರೆ ಕೇಳುವ ಜಾಗ ಇಲ್ಲದಿರುವುದು ಅನ್ಯಾಯ.

ಆದ್ದರಿಂದ ಸಂಸತ್ತು ಮಾಡಬೇಕಾದದ್ದು ಎರಡು ಸಣ್ಣ ತಿದ್ದುಪಡಿ. 37ನೇ ಸೆಕ್ಷನ್ನಿನಿಂದ ವರ್ಗೀಕರಣವನ್ನು ತೆಗೆದು ನ್ಯಾಯಮಂಡಳಿಯ ಕೈಗೆ ಕೊಡುವುದು, ವರ್ಗ ಏರಿಸಿದಾಗ ಕಾರಣ ತೋರಿಸುವ ಹೊಣೆ ರೈಲ್ವೆಯದೆಂದು ಹೇಳುವುದು. ಇಂಗ್ಲೆಂಡು 1894ರಲ್ಲೂ 1921ರಲ್ಲೂ ಮಾಡಿದ್ದು ಇಷ್ಟೇ. ಇನ್ನೊಂದು, 66ನೇ ಸೆಕ್ಷನ್ನಿಗೆ ಕಾಲಮಿತಿ. ಹೆಚ್ಚು ಕೊಟ್ಟ ಹಣವನ್ನು ಗಿರಾಕಿ ವಾಪಸು ಕೇಳಬೇಕಾದರೆ 106ನೇ ಸೆಕ್ಷನ್ ಅವನಿಗೆ ಕೊಡುವುದು ಬರೀ ಆರು ತಿಂಗಳು. ಕಡಿಮೆ ವಸೂಲಾದದ್ದನ್ನು ರೈಲ್ವೆ ಕೇಳಲೂ ಅಷ್ಟೇ ಅವಧಿ ಇರಲಿ. ವಂಚನೆ ಸಾಬೀತಾದಲ್ಲಿ ಬೇಕಾದರೆ ಅದಕ್ಕೆ ವಿನಾಯಿತಿ ಕೊಡಲಿ.

ತಿದ್ದುಪಡಿ ಬರುವವರೆಗೆ ಸರಕು ಕಳುಹಿಸುವ ಓದುಗರು ಮಾಡಬೇಕಾದದ್ದು ಇಷ್ಟು: ಸರಕಿನ ವಿವರವನ್ನು ಪೂರ್ತಿಯಾಗಿ, ಇದ್ದದ್ದನ್ನು ಇದ್ದಂತೆ ಬರೆಯಿರಿ. ಜೋಡಿಸಿದ್ದೋ ಬಿಚ್ಚಿದ್ದೋ, ಎಣ್ಣೆ ಅಥವಾ ಬ್ಯಾಟರಿ ಇದೆಯೋ ಇಲ್ಲವೋ ಎಂಬುದನ್ನೂ ಸೇರಿಸಿ. ಲೋಡು ಮಾಡುವಾಗಲೇ ಫೋಟೋ ತೆಗೆದಿಡಿ. ಫಾರ್ವರ್ಡಿಂಗ್ ನೋಟು ಮತ್ತು ರಸೀದಿಯ ನಕಲನ್ನು ಎಸೆಯಬೇಡಿ. ದರ ಹೆಚ್ಚು ಎನಿಸಿದರೆ ಹಣ ಕಟ್ಟಿದ ದಿನ ಅಥವಾ ಮಾಲು ತಲುಪಿದ ದಿನ, ಯಾವುದು ತಡವೋ ಅಲ್ಲಿಂದ ಆರು ತಿಂಗಳೊಳಗೆ ಹಣ ಪಡೆದ ರೈಲ್ವೆ ಆಡಳಿತಕ್ಕೆ ಲಿಖಿತ ನೋಟಿಸು ಕೊಡಿ. ಅದಕ್ಕೆ ಸ್ಪಂದನ ಸಿಗದಿದ್ದರೆ ಕರ್ನಾಟಕದವರಿಗೆ ಕ್ಲೇಮ್ಸ್ ನ್ಯಾಯಮಂಡಳಿಯ ಪೀಠ ಬೆಂಗಳೂರಿನಲ್ಲೇ ಇದೆ.